ಒಗ್ಗರಣೆ ನಿಂತರೆ ಬಣ್ಣ ನಿಂತೀತು

ಬೆಳಗಿನ ಐದೂಮುಕ್ಕಾಲು. ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ, ಹಳೇ ಲೈನ್ ಮನೆಯೊಂದರ ಹಿತ್ತಲಲ್ಲಿ, ಸುಮಲತ ನಾಲ್ಕು ನೂಲಿನ ಸೀರೆಗಳನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಹಗ್ಗದ ಮೇಲೆ ಹರಡುತ್ತಿದ್ದಾರೆ. ಯಾರಾದರೂ ನೋಡಿದರೆ ಬಟ್ಟೆ ಒಣಗಹಾಕುತ್ತಿದ್ದಾರೆ ಅಂದುಕೊಳ್ಳಬೇಕು. ಆದರೆ ಈ ಸೀರೆಗಳು ಒಣಗಿದರೆ ಅವರಿಗೆ ಸಿಟ್ಟು ಬರುತ್ತದೆ. ಚೊಂಬಿನಲ್ಲಿ ನೀರು ತಂದು ಮತ್ತೆ ತೋಯಿಸುತ್ತಾರೆ. ಆ ನಾಲ್ಕು ಒದ್ದೆ ಪರದೆಗಳ ನಡುವೆ, ಎರಡು ಕಬ್ಬಿಣದ ಸ್ಟೂಲುಗಳ ಮೇಲೆ, ಯಾವುದೋ ಕಾರಿನ ಮುಂದಿನ ಬಂಪರ್ ಬಾಯಿ ಅಗಲಿಸಿಕೊಂಡು ಕೂತಿದೆ. ಅದಕ್ಕೆ ಇವತ್ತು ಹೊಸ ಬಣ್ಣ.

ಸುಮಲತ ಅವರ ಕೈಯಲ್ಲಿ ಮೂರು ಗಂಟೆ ಇದೆ, ಅಷ್ಟೇ. ಒಂಬತ್ತಕ್ಕೆ ಗಾಳಿ ಏಳುತ್ತದೆ. ಗಾಳಿ ಎದ್ದರೆ ಸೈನೈಡ್ ದಿಬ್ಬದ ಪುಡಿ ಏಳುತ್ತದೆ. ಚಿನ್ನ ತೆಗೆದು ಮಿಕ್ಕ ಆ ಮಣ್ಣು ಗಣಿ ಮುಚ್ಚಿ ಇಷ್ಟು ವರ್ಷವಾದರೂ ಊರಿನ ತಟ್ಟೆ, ಲೋಟ, ಒಣಗಿದ ಬಟ್ಟೆ ಒಂದನ್ನೂ ಬಿಟ್ಟಿಲ್ಲ. ಹಸಿ ಬಣ್ಣದ ಮೇಲೆ ಅದು ಕೂತಿತೋ, ಬಂಪರ್ ಹೋಗಿ ರವೆ ಉಂಡೆಯಾಗುತ್ತದೆ. ಅದಕ್ಕೇ ನೆಲಕ್ಕೆ ನೀರು, ಸುತ್ತ ಒದ್ದೆ ಸೀರೆ. "ಚಿನ್ನ ಎಲ್ಲಾ ಯಾರ್ಯಾರೋ ತಗೊಂಡ್ ಓದ್ರು, ಧೂಳ್ ಮಾತ್ರ ನಮ್ಗೇ ಅಂತ ಮಡಗವ್ರೆ" ಎಂದು ನಗುತ್ತಾರೆ ಅವರು. ನಗುತ್ತಲೇ ತಲೆಗೂದಲು ಒಂದೆಳೆಯೂ ಕಾಣದಂತೆ ಬಟ್ಟೆ ಕಟ್ಟಿ, ಮೂಗು ಬಾಯಿ ಮುಚ್ಚುವ ಎರಡು ಡಬ್ಬಿಯ ಮಾಸ್ಕ್ ಏರಿಸುತ್ತಾರೆ.

ಒಳಗಿನಿಂದ ಅತ್ತೆ ಕದಿರಮ್ಮನ ದನಿ. ವಯಸ್ಸು ಎಪ್ಪತ್ತೆರಡು, ಹಸಿವು ಇಪ್ಪತ್ತೆರಡರದು.

"ಏಮಮ್ಮಾ, ಆಯ್ತಾ? ಒಗ್ಗರಣೆ ಆಕ್ಲಾ?"

"ಇನ್ನೂ ಇಲ್ಲತ್ತೆ. ಕ್ಲಿಯರ್ ಒಡೀಬೇಕು."

"ನಿನ್ ಕ್ಲಿಯರ್ ಆಗೋಷ್ಟ್ರಲ್ಲಿ ನನ್ ಒಟ್ಟೆ ಕ್ಲಿಯರ್ ಆಗೋಯ್ತದೆ!"

ಇದು ಈ ಮನೆಯ ಕಾನೂನು. ಬಣ್ಣ ಹೊಡೆಯುವ ದಿನ, ಕ್ಲಿಯರ್ ಎಂಬ ಕೊನೆಯ ಹೊಳಪಿನ ಕೋಟು ಮುಗಿಯುವ ತನಕ, ಒಲೆಯ ಮೇಲೆ ಎಣ್ಣೆ ಕಾಯುವಂತಿಲ್ಲ. ಮುದ್ದೆ ಬೇಯಲಿ, ಇಡ್ಲಿ ಬೇಯಲಿ, ಕಾಫಿ ಎಷ್ಟು ಬೇಕಾದರೂ ಕುದಿಯಲಿ. ಸಾಸಿವೆ ಮಾತ್ರ ಸಿಡಿಯಕೂಡದು. ಕಾದ ಎಣ್ಣೆಯ ಆವಿ ಕಣ್ಣಿಗೆ ಕಾಣದ ಹಾಗೆ ಬಂದು ಬಂಪರಿನ ಮೇಲೆ ಕೂರುತ್ತದೆ. ಕೂತ ಕಡೆ ಬಣ್ಣ ನಿಲ್ಲುವುದಿಲ್ಲ, ಸರಿದು ದುಂಡಗೆ ಗುಳಿ ಬೀಳುತ್ತದೆ. ಅದಕ್ಕೆ ಬಣ್ಣದವರು ಮೀನ್ ಕಣ್ಣು ಅನ್ನುತ್ತಾರೆ. ಒಂದು ಮೀನ್ ಕಣ್ಣು ಕಂಡರೆ ಪೂರ್ತಿ ಬಂಪರ್ ಉಜ್ಜಿ ಮೊದಲಿಂದ ಶುರು ಮಾಡಬೇಕು. ದೊಡ್ಡ ಊರಿನ ಬಣ್ಣದ ಕೋಣೆಗಳಿಗೆ ಈ ಕಷ್ಟವಿಲ್ಲ, ಅಲ್ಲಿ ಪಕ್ಕದಲ್ಲಿ ಅತ್ತೆ ಚಿತ್ರಾನ್ನ ಮಾಡುವುದಿಲ್ಲ.

ಕಾರಿನ ಬಾಗಿಲೋ ಬಾನೆಟ್ಟೋ ಆದರೆ ಕಾರೇ ಗ್ಯಾರೇಜಿಗೆ ಬರಬೇಕು. ಬಂಪರ್ ಹಾಗಲ್ಲ. ಪ್ಲಾಸ್ಟಿಕ್ಕಿನದು, ಬಿಚ್ಚಿದರೆ ಒಬ್ಬರು ಹೊತ್ತು ತರಬಹುದು. ಅದಕ್ಕೇ ಮನೆಯಲ್ಲಿ ಕೂತು ಮಾಡುವುದಕ್ಕೆ ಸುಮಲತ ಇದನ್ನೇ ಹಿಡಿದರು. ಸ್ಕೂಟರಿಗೆ ಅಡ್ಡ ಕಟ್ಟಿಕೊಂಡು ಬರುವವರಿದ್ದಾರೆ, ಆಟೋದ ಎರಡೂ ಕಡೆ ಚಾಚಿಕೊಂಡು ಬರುವವರಿದ್ದಾರೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಬಂಪರನ್ನು ಸೀಟಿನ ಮೇಲೆ ಕೂರಿಸಿ, ತಾವು ನಿಂತು ಬಂದವರೂ ಇದ್ದಾರೆ. ತಿಂಗಳಿಗೆ ಇಪ್ಪತ್ತೈದು ಬಂಪರ್, ಹಬ್ಬದ ಮುಂದೆ ಮೂವತ್ತೈದು. ಒಂದೊಂದಕ್ಕೂ ಸೋಪಿನ ನೀರಲ್ಲಿ ಎರಡು ಸ್ನಾನ, ಸೀಳಿದ್ದರೆ ಬಿಸಿ ಕಬ್ಬಿಣದಿಂದ ಹೊಲಿಗೆ, ಆಮೇಲೆ ಒರಟಿನಿಂದ ನಯದವರೆಗೆ ನಾಲ್ಕು ಬಗೆಯ ಉಪ್ಪು ಕಾಗದದಲ್ಲಿ ಉಜ್ಜುವುದು. ಸುಮಲತ ಅವರ ಬಲಗೈಯ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರ ಅವರ ಬೆರಳನ್ನು ಒಪ್ಪದೆ, ಪ್ರತಿ ತಿಂಗಳೂ ಅತ್ತೆಯೇ ಹೋಗಿ ಬೆರಳೊತ್ತಿ ಬರುತ್ತಾರೆ.

ಬಂಪರ್ ತಂದವರು "ಬಿಳಿ ಹೊಡೀಬೇಕು" ಅಂದರೆ ಸುಮಲತ ಕೇಳುವುದು ಒಂದೇ ಪ್ರಶ್ನೆ: "ಯಾವ್ ಬಿಳಿ?" ಬಿಳಿ ಅಂದರೆ ಬಿಳಿ ಎಂದು ತಿಳಿದಿದ್ದವರು ಅಲ್ಲಿಗೇ ತಡವರಿಸುತ್ತಾರೆ. ಕಾರಿನ ಪೆಟ್ರೋಲ್ ಮುಚ್ಚಳ ಬಿಚ್ಚಿಕೊಂಡು ಬಾ ಎನ್ನುತ್ತಾರೆ ಇವರು. ಆ ಮುಚ್ಚಳ ಬಿಸಿಲಲ್ಲಿ ಹಿಡಿದು, ನೆರಳಲ್ಲಿ ಹಿಡಿದು, ಆಮೇಲೆ ಬಣ್ಣ ತೂಗಿ ಬೆರೆಸುವ ತಕ್ಕಡಿಯ ಮುಂದೆ ಕೂರುತ್ತಾರೆ. "ಪುಸ್ತಕ್ದಲ್ಲಿರೋ ಬಿಳಿ ಒಸಾ ಕಾರ್ದು. ಎಂಟೊರ್ಸ ನಮ್ ಬಿಸ್ಲಲ್ಲಿ ನಿಂತಿರೋ ಬಿಳಿ ಬೇರೆ. ಮನುಷ್ಯರ್ಗೇ ವಯಸ್ಸಾಯ್ತದೆ, ಬಣ್ಣಕ್ಕಾಗಲ್ವಾ?"

ಈ ಕಣ್ಣು ಎಲ್ಲಿಂದ ಬಂತು ಎಂದರೆ ಹಾಲಿನಿಂದ ಅನ್ನಬೇಕು. ಸುಮಲತ ಹುಟ್ಟಿದ್ದು ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ. ಅಪ್ಪ ಮುನಿಸ್ವಾಮಪ್ಪ ರಾಗಿ ಬೆಳೆದು, ಎರಡು ಹಸು ಕಟ್ಟಿಕೊಂಡು, ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದವರು. ಹತ್ತು ವರ್ಷದ ಮಗಳು ಪಕ್ಕದಲ್ಲಿ ನಿಂತು, ಯಂತ್ರಕ್ಕೆ ಮೊದಲೇ, ಲೋಟದ ಅಂಚು ನೋಡಿ "ಇದು ಎಮ್ಮೇದು, ಇದಕ್ಕೆ ನೀರ್ ಬಿದ್ದೈತೆ" ಎಂದು ಹೇಳಿಬಿಡುತ್ತಿದ್ದಳಂತೆ. ನೀರು ಹಾಕಿದವರಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಆ ಹಳ್ಳಿಯಲ್ಲಿ ಕಣ್ಣಾರೆ ಕಂಡವಳು ಅವಳೊಬ್ಬಳೇ ಇರಬೇಕು.

ಮದುವೆಯಾಗಿ ಬಂದದ್ದು ಮೈಸೂರು ಮೈನ್ಸಿಗೆ. ಗಂಡ ಮುನೇಶ್ ಬೆಳಗಿನ ಮೊದಲ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೋಗಿ, ದೀಪ ಹಚ್ಚಿದ ಮೇಲೆ ಮನೆಗೆ ಬರುವವರು. ಸುಮಲತ ಬಂಗಾರಪೇಟೆಯ ಬಣ್ಣದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಆರು ವರ್ಷ ಗ್ರಾಂ ಲೆಕ್ಕದಲ್ಲಿ ಕಾರಿನ ಬಣ್ಣ ಬೆರೆಸಿಕೊಟ್ಟರು. ಕೊರೊನಾ ಬಂತು, ಅಂಗಡಿ ಮುಚ್ಚಿತು. ಮಾಲೀಕರು ಹೊರಡುವಾಗ ಹಳೇ ತಕ್ಕಡಿಯನ್ನು ಅವರಿಗೇ ಕೊಟ್ಟು ಹೋದರು. ಒಂದು ಸಣ್ಣ ಕಂಪ್ರೆಸರ್, ಒಂದು ಸ್ಪ್ರೇ ಗನ್ ಹೊಂದಿಸಿಕೊಂಡು ಹಿತ್ತಲಲ್ಲಿ ಶುರು ಮಾಡಿದರು.

ಶುರು ಮಾಡಿದ್ದು ಮುಗ್ಗರಿಸಿಯೇ. ಮೊದಲ ಬಂಪರ್ ಅದೇ ಬೀದಿಯ ಕ್ಯಾಬ್ ಡ್ರೈವರ್ ಅನಿಲ್‌ನದು. ನೋಡುವುದಕ್ಕೆ ಕನ್ನಡಿ. ಮೂರು ವಾರ ಕಳೆದು, ಕಾರು ತೊಳೆದ ದಿನ, ಅನಿಲ್ ಪೇಪರಿನಲ್ಲಿ ಏನೋ ಸುತ್ತಿಕೊಂಡು ಬಂದ. ಬಿಚ್ಚಿದರೆ ಬಂಪರಿನ ಬಣ್ಣ, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಒಂದೇ ಹಾಳೆಯಲ್ಲಿ ಎದ್ದು ಬಂದಿತ್ತು. ಅವನು ಬೈಯಲಿಲ್ಲ. "ಅಕ್ಕಾ, ಇದನ್ನೇನ್ ಮಾಡ್ಲಿ?" ಎಂದು ಕೇಳಿದ, ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು. ಪ್ಲಾಸ್ಟಿಕ್ಕಿಗೆ ಅದರದೇ ಪ್ರೈಮರ್ ಬೇಕು, ಕಬ್ಬಿಣಕ್ಕೆ ಬಳಿಯುವುದು ಹಿಡಿಯುವುದಿಲ್ಲ. ಆರು ವರ್ಷ ಊರಿಗೆಲ್ಲ ಆ ಮಾತು ಹೇಳಿ ಆ ಡಬ್ಬಿ ಮಾರಿದವರೇ, ತಮ್ಮ ಮನೆಯ ಕೆಲಸಕ್ಕೆ ಬಂದಾಗ ಇದ್ದ ಡಬ್ಬಿಯಲ್ಲೇ ಆಗಲಿ ಅಂದುಕೊಂಡಿದ್ದರು. "ಊರ್ಗೆಲ್ಲಾ ಬುದ್ಧಿ ಏಳಿ ನಾನೇ ಗುಂಡಿಗ್ ಬಿದ್ದೆ" ಎನ್ನುತ್ತಾರೆ ಈಗ. ಅನಿಲ್‌ನ ಬಂಪರನ್ನು ಮತ್ತೆ ಮಾಡಿಕೊಟ್ಟರು. ಅದು ಇವತ್ತಿಗೂ ಹಾಗೇ ಇದೆ.

ಆಮೇಲೆ ಕೆಲಸಕ್ಕೆ ಬರವಿಲ್ಲ. ಬಂಗಾರಪೇಟೆಯಲ್ಲಿ ಗ್ಯಾರೇಜ್ ಇಟ್ಟಿರುವ ಬಾಲಾಜಿ ತನಗೆ ಬಂದ ಬಂಪರುಗಳನ್ನೆಲ್ಲ ಇಲ್ಲಿಗೇ ಕಳಿಸತೊಡಗಿದರು. ಒಳ್ಳೆಯ ಮನುಷ್ಯ, ಕೆಲಸ ಕೊಟ್ಟರು, ಕೊಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟರು. ಒಂದನ್ನು ಮಾತ್ರ ಕೊಡಲಿಲ್ಲ. ಗಿರಾಕಿ ಬಂಪರ್ ಸವರಿ "ಎಲ್ಲಿ ಮಾಡ್ಸಿದ್ರಿ?" ಎಂದು ಕಣ್ಣರಳಿಸಿದರೆ, ಬಾಲಾಜಿ ಕೊಡುತ್ತಿದ್ದ ಉತ್ತರ, "ಬೆಂಗ್ಳೂರಲ್ಲಿ ಸಾರ್. ಓವನ್‌ನಲ್ಲಿಟ್ಟು ಬೇಯ್ಸಿದ್ದು."

ಸುಮಲತ ಒಂದು ದಿನ ಗ್ಯಾರೇಜಿನಲ್ಲೇ ನಿಂತು ಈ ಮಾತು ಕೇಳಿಸಿಕೊಂಡರು. ಕೇಳಿದ್ದಕ್ಕೆ ಬಾಲಾಜಿ, "ನೋಡಮ್ಮಾ, ಮೈನ್ಸಲ್ಲಿ ಇತ್ತಿಲಲ್ಲಿ ಒಬ್ಬ ಎಣ್ಮಗ್ಳು ಬಳ್ದಿದ್ದು ಅಂದ್ರೆ, ಚೆನ್ನಾಗಿರೋದ್ರಲ್ಲೂ ತಪ್ಪು ಉಡುಕ್ತಾರೆ" ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ. ನಾಲ್ಕು ವರ್ಷ, ಸಾವಿರ ಬಂಪರ್, ಒಂದರ ಮೇಲೂ ಸುಮಲತ ಅವರ ಹೆಸರಿಲ್ಲ. ಹೊಟ್ಟೆ ಉರಿಯುತ್ತಿರಲಿಲ್ಲವೇ ಎಂದರೆ, "ಉರೀದೆ? ಆದ್ರೆ ಮೂಗ್ಗೆ ಮಾಸ್ಕ್ ಆಕ್ಕೊಂಡಿರ್ತೀನಲ್ಲ, ಒಗೆ ಆಚೆ ಬರ್ತಿರ್ಲಿಲ್ಲ" ಎಂದು ತೇಲಿಸುತ್ತಾರೆ.

ಕಳೆದ ಮಾಘದಲ್ಲಿ ಬಾಲಾಜಿಯ ಗ್ಯಾರೇಜಿಗೆ ಹನುಮಂತರಾಯಪ್ಪ ಎಂಬುವರು ಬಂದರು. ತುಮಕೂರು ಕಡೆಯವರು, ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಯಾರಾದ ಮಾಲನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ನೌಕರರನ್ನು ಕರೆದೊಯ್ಯುವ ಇಪ್ಪತ್ತಾರು ಕಾರುಗಳ ಉಸ್ತುವಾರಿ ಅವರದು. ಮೂರು ಬಂಪರ್ ಕೊಟ್ಟು ಹೇಳಿದರು: ಮೂರೂ ಪಾಸಾದರೆ ಅಷ್ಟೂ ಕಾರುಗಳ ಬಂಪರ್ ಕೆಲಸ ಇಲ್ಲಿಗೇ. ಜೊತೆಗೆ ಒಂದು ಕಾಗದ ಇಟ್ಟರು. ಅದರ ಕೊನೆಯ ಸಾಲು, 'ಕೆಲಸ ಮಾಡಿದವರ ಹೆಸರು'. ಆ ಸಾಲು ಖಾಲಿ ಇದ್ದ ಕಾಗದಕ್ಕೆ ಅವರು ಸರ್ವಿಸಿನಲ್ಲೇ ಸಹಿ ಹಾಕಿದವರಲ್ಲ.

ಆ ಕಾಗದ ನೋಡಿದ್ದೇ ಸುಮಲತ ಪಟ್ಟು ಹಿಡಿದರು. "ಅಣ್ಣಾ, ಆ ಸಾಲಲ್ಲಿ ನನ್ ಹೆಸ್ರು ಬರೀಬೇಕು."

ಬಾಲಾಜಿ ತಲೆ ಕೆರೆದುಕೊಂಡರು. "ಮೂರೂ ಪಾಸಾಗ್ಲಿ, ಬರೀತೀನಿ. ಒಂದ್ ಫೇಲಾದ್ರೂ ಮತ್ತೆ ಈ ಮಾತ್ ಎತ್ಬಾರ್ದು. ಆಯ್ತಾ?"

"ಆಯ್ತು."

ಶನಿವಾರ ಹನ್ನೊಂದಕ್ಕೆ ಪರೀಕ್ಷೆ. ಬುಧವಾರದೊಳಗೆ ಎರಡು ಬಂಪರ್ ಹಾಲಿನ ಹಾಗೆ ಬಂದವು. ಮೂರನೆಯದು ಮುತ್ತಿನ ಬಿಳಿ. ಅದರ ಗತ್ತೇ ಬೇರೆ: ಕೆಳಗೊಂದು ಬಿಳಿ, ಅದರ ಮೇಲೆ ಮುತ್ತಿನ ಮಿಂಚು, ಮೇಲೆ ಹೊಳಪು. ಗುರುವಾರ ಬೆಳಿಗ್ಗೆ ಎಂಟಕ್ಕೆ ಹೊಳಪಿನ ಕೋಟು ಮುಗಿಸಿ ಮಾಸ್ಕ್ ಇಳಿಸಿದರೆ, ಎಡಗಡೆ ಒಂದು ಗುಳಿ. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಹನ್ನೊಂದು ಮೀನ್ ಕಣ್ಣುಗಳು ಅವರನ್ನೇ ನೋಡುತ್ತಿದ್ದವು.

"ಅತ್ತೇ!" ಎಂದು ಕೂಗಿದ್ದು ಮಾರಿಕುಪ್ಪಂ ಸ್ಟೇಷನ್ನಿಗೆ ಕೇಳಿರಬೇಕು.

ಕದಿರಮ್ಮ ಓಡಿ ಬಂದರು, ಕೈಯಲ್ಲಿ ಮೊಸರಿನ ಚಮಚ. "ನಾನ್ ಏನೂ ಮಾಡಿಲ್ಲ ತಾಯಿ! ಒಲೆ ಅಚ್ಚೇ ಇಲ್ಲ. ಬೇಕಾದ್ರೆ ಬಾಣ್ಲಿ ಮುಟ್ಟಿ ನೋಡು, ಅಂಗೇ ತಣ್ಗೈತೆ!" ಸೊಸೆ ನಿಜಕ್ಕೂ ಹೋಗಿ ಮುಟ್ಟಿ ನೋಡಿದರು. ತಣ್ಣಗಿತ್ತು. ತಮ್ಮ ತಲೆಯ ಬಟ್ಟೆ ಮೂಸಿದರು, ಒರೆಸಿದ ಬಟ್ಟೆ ಮೂಸಿದರು, ಕಂಪ್ರೆಸರಿನ ಪೈಪು ಬಿಚ್ಚಿ ಮೂಸಿದರು. ಎಲ್ಲಿಯೂ ಎಣ್ಣೆಯ ಸುಳಿವಿಲ್ಲ. ಅತ್ತೆಯನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದು ನಾಚಿಕೆ ಬೇರೆ. ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟರು. ಆಗ ಕದಿರಮ್ಮ ಮೂಗು ಮೇಲೆತ್ತಿ, ಗಾಳಿ ಎಳೆದು, "ನಿಪ್ಪಟ್ಟು" ಎಂದರು.

ಲೈನ್ ಮನೆ ಎಂದರೆ ಒಂದೇ ಸೂರಿನ ಕೆಳಗೆ ಎಂಟು ಮನೆ. ನಡುವಿನ ಗೋಡೆಗಳು ಸೂರನ್ನು ಮುಟ್ಟುವುದಿಲ್ಲ, ಮೇಲೆ ಒಂದು ಮೊಳ ಸಂದು. ಅಲ್ಲಿಂದ ಜಗಳ ಹೋಗುತ್ತದೆ, ಬೆಕ್ಕು ಹೋಗುತ್ತದೆ, ಹೊಗೆ ಹೋಗದೆ ಇದ್ದೀತೇ? ಪಕ್ಕದ ಮನೆಯ ಪುಷ್ಪ, ನರ್ಸಿಂಗ್ ಓದುತ್ತಿರುವ ಮಗಳು ಲಿಖಿತಳ ಹಾಸ್ಟೆಲಿಗೆ ಕಳಿಸಲೆಂದು ಬೆಳಿಗ್ಗೆ ಆರಕ್ಕೇ ಬಾಣಲೆ ಇಟ್ಟು ಒಂದು ಡಬ್ಬಿ ನಿಪ್ಪಟ್ಟು ಕರಿದಿದ್ದರು. ವಿಷಯ ಕೇಳಿ ಪುಷ್ಪ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಐಯ್ಯಯ್ಯೋ ಅಕ್ಕಾ, ನಂಗೆ ತೆರಿಯಾದೇ, ಗೊತ್ತೇ ಇರ್ಲಿಲ್ಲ! ನನ್ ನಿಪ್ಪಟ್ಟು ನಿನ್ ಬಂಪರ್‌ಗೆ ಹೋಗಿ ಕೂತ್ಕೊಳ್ಳುತ್ತೆ ಅಂತ ಯಾರ್ ಕಂಡ್ರು?"

ಉಳಿದದ್ದು ಶುಕ್ರವಾರದ ಒಂದೇ ಬೆಳಗು. ಗುರುವಾರ ಪೂರ್ತಿ ಸುಮಲತ ಆ ಬಂಪರನ್ನು ಉಜ್ಜಿ ಉಜ್ಜಿ ಬರಿಮೈ ಮಾಡಿದರು. ಅತ್ತ ಕದಿರಮ್ಮ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೊರಟರು. ಒಂದು ಮನೆಯಲ್ಲಿ ತೆಲುಗು, ಇನ್ನೊಂದರಲ್ಲಿ ತಮಿಳು, ಮತ್ತೊಂದರಲ್ಲಿ ಕನ್ನಡ, ಮಾತು ಮಾತ್ರ ಒಂದೇ: "ನಾಳೆ ಒಂಬತ್ ಗಂಟೆವರ್ಗೂ ಯಾರೂ ಒಗ್ಗರಣೆ ಆಕ್ಬೇಡಿ. ನನ್ ಸೊಸೆ ಹೆಸ್ರು ಕಾಗ್ದದಲ್ಲಿ ಬರೋದೈತೆ." ಕೊನೆಯ ಮನೆಯ ಆದಿನಾರಾಯಣ, ಬೆಳಿಗ್ಗೆ ಪಲ್ಯವಿಲ್ಲದೆ ತುತ್ತೆತ್ತದ ಮನುಷ್ಯ, ಗೊಣಗಿದರು. "ಒಂದಿನ ಉಪ್ಪಿನಕಾಯಿ ನೆಕ್ಕೊಂಡ್ ತಿನ್ನಪ್ಪಾ, ಸತ್ತೋಗಲ್ಲ" ಎಂದು ಕದಿರಮ್ಮ ತೀರ್ಪು ಕೊಟ್ಟು ಬಂದರು.

ಆ ಶುಕ್ರವಾರ ಮೈಸೂರು ಮೈನ್ಸ್‌ನ ಆ ಲೈನಿನಲ್ಲಿ ಒಂದು ಸಾಸಿವೆಯೂ ಸಿಡಿಯಲಿಲ್ಲ. ಎಂಟು ಮನೆಯವರು ಮುದ್ದೆಗೆ ಮೊಸರು, ಇಡ್ಲಿಗೆ ಸಕ್ಕರೆ ಕಲಸಿಕೊಂಡು ತಿಂದರು. ಶುಕ್ರವಾರದ ಎಣ್ಣೆ ಸ್ನಾನವನ್ನೂ ಹೆಂಗಸರು ಮಧ್ಯಾಹ್ನಕ್ಕೆ ಮುಂದೂಡಿದರು. ಪುಷ್ಪ ತಾವಾಗಿಯೇ ಬಂದು, ಒದ್ದೆ ಸೀರೆಗಳಿಗೆ ನೀರು ಚಿಮುಕಿಸುತ್ತ ನಿಂತರು. ಎಂಟೂವರೆಗೆ ಸುಮಲತ ಗನ್ ಕೆಳಗಿಟ್ಟರು. ಐದು ನಿಮಿಷ, ಹತ್ತು ನಿಮಿಷ. ಬಂಪರಿನ ಮೇಲೆ ಆಕಾಶ ಕಾಣುತ್ತಿತ್ತು, ಗುಳಿ ಒಂದೂ ಇರಲಿಲ್ಲ. ಕದಿರಮ್ಮ ಬೀದಿಗೆ ಬಂದು "ಆಕ್ರಮ್ಮಾ ಒಗ್ಗರಣೆ!" ಎಂದು ಕೂಗಿದರು. ಎಂಟು ಮನೆಗಳಲ್ಲಿ ಒಟ್ಟಿಗೆ ಸಾಸಿವೆ ಸಿಡಿದ ಸದ್ದು ಕೇಳಿ ತಮಗೆ ಮೈ ಜುಂ ಅಂದಿತು ಎನ್ನುತ್ತಾರೆ ಸುಮಲತ.

ಶನಿವಾರ ಬಂಗಾರಪೇಟೆ. ಹನುಮಂತರಾಯಪ್ಪ ಕನ್ನಡಕ ಬದಲಿಸಿಕೊಂಡು, ಬೆರಳ ತುದಿಯಲ್ಲಿ ಸವರಿ, ಮೊದಲೆರಡನ್ನು ಪಾಸು ಮಾಡಿದರು. ಮೂರನೆಯದರ ಮುಂದೆ ಜೇಬಿನಿಂದ ಬಣ್ಣದ ಕಂಪನಿಯ ಮಾದರಿ ಕಾರ್ಡು ತೆಗೆದು ಪಕ್ಕಕ್ಕೆ ಹಿಡಿದರು. ಹುಬ್ಬು ಗಂಟಾಯಿತು. "ಇದು ಈ ಕಾರಿನ ಬಣ್ಣ ಅಲ್ಲ. ಸ್ವಲ್ಪ ಹಳದಿ ತಿರುಗಿದೆ. ಎಲ್ಲಿ ಮಾಡಿಸಿದ್ದು ಇದನ್ನ?"

ಬಾಲಾಜಿಗೆ ಬಾಯಿಪಾಠದ ಉತ್ತರ ಬಂದುಬಿಟ್ಟಿತು. "ಬೆಂಗ್ಳೂರಲ್ಲಿ ಸಾರ್. ಅವ್ರೇ ಎಲ್ಲೋ ತಪ್ ಮಾಡವ್ರೆ, ವಾಪಸ್ ಕಳ್ಸಿ..."

"ತಪ್ಪಲ್ಲ ಸಾರ್, ಬೇಕಂತ್ಲೇ ಮಾಡಿದ್ದು." ಹಿಂದೆ ನಿಂತಿದ್ದ ಸುಮಲತ ಮುಂದೆ ಬಂದರು. "ಆ ಕಾರ್ಡು ಒಸಾ ಕಾರ್ದು. ನಿಮ್ ಕಾರ್ಗೆ ಏಳೊರ್ಸ ಆಗೈತೆ, ದಿನಾ ಬಿಸ್ಲಲ್ಲೇ ನಿಲ್ಲುತ್ತೆ. ಕಾರ್ಡ್ ನೋಡ್ಕೊಂಡ್ ಬಳ್ದಿದ್ರೆ ಬಂಪರ್ ಒಂದೇ ಒಸಾ ಅಲ್ಲು ಕಟ್ಟಿಸ್ದಂಗೆ ಕಾಣೋದು. ಕಾರ್ ತಂದು ಪಕ್ಕದಲ್ಲಿ ನಿಲ್ಸಿ ಸಾರ್, ಆಮೇಲೆ ಏಳಿ."

ಕಾರು ಬಂತು. ಇಬ್ಬರು ಬಂಪರನ್ನು ಎತ್ತಿ ಅದರ ಜಾಗಕ್ಕೆ ಹಿಡಿದರು. ಹನುಮಂತರಾಯಪ್ಪ ಹತ್ತಿರದಿಂದ ನೋಡಿದರು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರು, ನೆರಳಿಗೆ ತಳ್ಳಿಸಿ ನೋಡಿದರು. ಬಾಗಿಲು, ಬಾನೆಟ್ಟು, ಬಂಪರ್, ಎಲ್ಲ ಒಂದೇ ದಿನ ಹುಟ್ಟಿದ ಹಾಗಿದ್ದವು. ಆಮೇಲೆ ತಮ್ಮ ಕಾರ್ಡನ್ನೇ ಕಾರಿನ ಬಾಗಿಲಿಗೆ ಹಿಡಿದರು. ಕಾರ್ಡೇ ಫೇಲಾಯಿತು.

"ಬಣ್ಣ ಬೆರೆಸಿದ್ದು ಯಾರಮ್ಮ?"

"ನಾನೇ ಸಾರ್. ಪುಸ್ತಕ್ದ ಲೆಕ್ಕಕ್ಕೆ ಅರ್ಧ ಗ್ರಾಂ ಅಳ್ದಿ, ಒಂದ್ ಅನಿ ಕಪ್ಪು ಜಾಸ್ತಿ."

"ಬಳಿದದ್ದು?"

"ಅದೂ ನಾನೇ. ಮೈಸೂರ್ ಮೈನ್ಸಲ್ಲಿ, ನಮ್ಮನೆ ಇತ್ತಿಲಲ್ಲಿ."

ಬಾಲಾಜಿ ನೆಲ ನೋಡಿದರು. ಹನುಮಂತರಾಯಪ್ಪ ಪೆನ್ನು ತೆರೆದು, ಕೊನೆಯ ಸಾಲಿನ ಮೇಲಿಟ್ಟರು. "ಮೂವತ್ತು ವರ್ಷ ಕಾರ್ಡು ನಂಬಿಕೊಂಡೇ ಕೆಲಸ ಮಾಡಿದೆ. ಇವತ್ತು ಕಣ್ಣು ತೆರೆಸಿದೆ ಕಣಮ್ಮ. ಹೆಸರು ಹೇಳು. ಇನಿಷಿಯಲ್ ಸಮೇತ."

"ಎಂ. ಸುಮಲತ."

"ಎಂ ಅಂದರೆ ತಂದೆಯೋ, ಯಜಮಾನರೋ?"

"ಅಪ್ಪ ಮುನಿಸ್ವಾಮಪ್ಪ, ಇವ್ರು ಮುನೇಶು. ಇಬ್ರೂ ಎಮ್ಮೇ ಸಾರ್." ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಬಾಲಾಜಿಯೂ ನಕ್ಕರು, ಎಲ್ಲರಿಗಿಂತ ಜೋರಾಗಿ. ತಗ್ಗಿಸಿದ ತಲೆ ಎತ್ತಲು ಅವರಿಗೆ ಆ ನಗು ಬೇಕಿತ್ತು.

ಇಪ್ಪತ್ತಾರರಲ್ಲಿ ಈಗ ಹತ್ತೊಂಬತ್ತು ಕಾರುಗಳ ಬಂಪರ್ ಮುಗಿದಿವೆ. ಬಾಲಾಜಿಯ ಗ್ಯಾರೇಜಿನ ರಸೀದಿಯಲ್ಲಿ 'ಬಣ್ಣ: ಎಂ. ಸುಮಲತ, ಮೈಸೂರು ಮೈನ್ಸ್' ಎಂದು ಅಚ್ಚಾಗಿ ಬರುತ್ತಿದೆ. ಅದನ್ನು ಕಂಡು ಗಿರಾಕಿ ಯಾರೂ ಓಡಿಹೋಗಿಲ್ಲ, ಬದಲಿಗೆ ಮುಳಬಾಗಿಲಿನಿಂದ ಒಬ್ಬರು ಹುಡುಕಿಕೊಂಡು ಬಂದಿದ್ದಾರೆ. ಮೊದಲ ರಸೀದಿಯನ್ನು ಮುನೇಶ್ ಪರ್ಸಿನಲ್ಲಿಟ್ಟುಕೊಂಡು ರೈಲಿನ ಗೆಳೆಯರಿಗೆಲ್ಲ ತೋರಿಸಿ, ಮಡಿಕೆ ಹರಿದು, ಈಗ ಅದಕ್ಕೆ ಟೇಪು ಹಚ್ಚಿದ್ದಾರೆ.

ಬಂಗಾರಪೇಟೆಯ ರಸ್ತೆಯಲ್ಲಿ ಸುಮಲತ ಅವರ ಕೈಯಿಂದ ಹೋದ ಕಾರುಗಳು ದಿನವೂ ಓಡಾಡುತ್ತವೆ. ಬಸ್ಸಿಗೆ ಕಾಯುವಾಗ ಅವರು ಅವುಗಳನ್ನೇ ಹುಡುಕುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ, ಉಪ್ಪು ಕಾಗದವನ್ನು ನೀರಿನಲ್ಲಿ ಅದ್ದಿ, ಮುಂದಿನ ಬಂಪರಿಗೆ ಕೈ ಹಾಕುತ್ತಾರೆ.

"ಈಗ್ಲೂ ಒಂದೆರ್ಡು ಕಾರು ದೂರ್ದಿಂದ್ಲೇ ನಂಗ್ ಗೊತ್ತಾಗ್ಬುಡ್ತವೆ, ಇದು ನಂದು ಅಂತ. ಅಂಗಾಗ್ಬಾರ್ದು. ನಂಗೇ ಗೊತ್ತಾಗ್ದಂಗ್ ಬಳೀಬೇಕು" ಎನ್ನುತ್ತಾರೆ. "ನೋಡಿದ್ರೆ ಯಾರ್ಗೂ ಗೊತ್ತಾಗ್ಬಾರ್ದು. ಕೇಳಿದ್ರೆ ಎಲ್ಲಾರ್ಗೂ ಗೊತ್ತಿರ್ಬೇಕು."